ಆಕ್ಸ್‌ಫರ್ಡಿನಲ್ಲಿ ಒಂದು ಜೀರ್ಣೋದ್ಧಾರ

ಕಳೆದ ವರ್ಷ ವೈಶಾಖಮಾಸದಲ್ಲಿ ನಾವು, ನಮ್ಮ ಮಗನು ಉದ್ಯೋಗನಿಮಿತ್ತವಾಗಿ ವಾಸವಾಗಿರುವ ಆಕ್ಸ್‌ಫರ್ಡ್ ನಗರಕ್ಕೆ ಹೋಗಿ ಕೆಲವು ತಿಂಗಳು ಇದ್ದು ಬಂದೆವು. ಸಂಸ್ಕೃತವನ್ನು ಕಲಿತು ಕಲಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನಮಗೆ ಆ ಊರೆಂದರೆ 1832ರಲ್ಲಿ ಸ್ಥಾಪಿತವಾದ ಸಂಸ್ಕೃತಪೀಠ, ಮೋನಿಯರ್ ವಿಲಿಯಮ್ಸರ ನಿಘಂಟು, ಇವಿಷ್ಟೆ. ಆದರೆ ಮಗನು ನಮ್ಮನ್ನು ಮೊದಲು ಕರೆದೊಯ್ದುದು ಗ್ರಂಥಾಲಯಕ್ಕಲ್ಲ. ಪಟ್ಟಣದ ಆಗ್ನೇಯಕ್ಕಿರುವ ಕೌಲಿ ಎಂಬ ಭಾಗಕ್ಕೆ.

1893ರಲ್ಲಿ ಹದಿನಾರು ವರ್ಷದ ಹುಡುಗನಾಗಿದ್ದ ವಿಲಿಯಂ ಮಾರಿಸನು ನಾಲ್ಕು ಪೌಂಡುಗಳ ಬಂಡವಾಳದಿಂದ ಬೈಸಿಕಲ್ ರಿಪೇರಿಯ ಕಸುಬನ್ನು ಈ ಊರಿನಲ್ಲಿ ಆರಂಭಿಸಿದನು. 1913ರಲ್ಲಿ ಮೋಟಾರು ಗಾಡಿಗಳನ್ನು ಮಾಡತೊಡಗಿ, ಕಾಲಕ್ರಮದಲ್ಲಿ ಲಾರ್ಡ್ ನಫೀಲ್ಡ್ ಎನಿಸಿಕೊಂಡನು. ಅವನ ಕಾರ್ಖಾನೆಯ ಹಳೆಯ ಕಟ್ಟಡಗಳ ಬಹುಭಾಗ ಈಗ ನೆಲಸಮವಾಗಿ ಅಲ್ಲಿ ಕಚೇರಿಗಳೆದ್ದಿವೆ. ಮಗ್ಗುಲಲ್ಲಿ ಮಿನಿ ಗಾಡಿಗಳು ತಯಾರಾಗುತ್ತಿವೆ. 2014ರ ವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರಿನ ಮೂಲರೂಪವೂ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯೇ ಎಂದು ತಿಳಿದಾಗ, ಪರದೇಶದಲ್ಲಿ ತವರಿನ ನೆಂಟರನ್ನು ಕಂಡಂತಾಯಿತು.

ಮಗನ ಮನಸ್ಸು ನೆಟ್ಟಿದ್ದುದು ಮಾರಿಸ್ ಮೈನರ್ ಎಂಬ ಚಿಕ್ಕ ಗಾಡಿಯ ಮೇಲೆ. ಇಸಿಗೋನಿಸ್ ಎಂಬ ಶಿಲ್ಪಿಯು ರಚಿಸಿದ ಈ ಗಾಡಿ 1948ರಲ್ಲಿ ಹೊರಬಂದಿತು. ಮೊದಲ ಮಾದರಿ ಇಕ್ಕಟ್ಟಾಯಿತೆಂದು ಅದನ್ನು ಉದ್ದಕ್ಕೆ ಸೀಳಿಸಿ ನಡುವೆ ನಾಲ್ಕು ಅಂಗುಲ ಸೇರಿಸಿದನಂತೆ. ಇದರಲ್ಲಿ ಮೇಲ್ಮಾಡನ್ನು ಬೇಕೆಂದಾಗ ಹಿಂದಕ್ಕೆ ಮಡಿಚಬಹುದಾದ ಕನ್ವರ್ಟಿಬಲ್ ಜಾತಿಯೊಂದಿದ್ದು, ಅದರ ತಯಾರಿಕೆ 1969ರಲ್ಲಿ ನಿಂತುಹೋಯಿತು. ಆದುದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ಒಬ್ಬ ವರ್ತಕನ ಅಂಗಳದಲ್ಲಿ ನೀಲಿ ಬಣ್ಣದ ಗಾಡಿಯೊಂದು ಮದುವಣಗಿತ್ತಿಯಂತೆ ಥಳಥಳಿಸುತ್ತಿದ್ದಿತು. ನಾವು ಮರುಳಾಗಿ, "ತಡಮಾಡಬೇಡ, ಮುಂಗಡ ಕೊಟ್ಟುಬಿಡು" ಎಂದು ಮಗನಿಗೆ ಹೇಳಿಯೇಬಿಟ್ಟೆವು. ಪುಣ್ಯವಶಾತ್ ನೆರೆಮನೆಯ ವೃದ್ಧ ಯಂತ್ರಕಾರನೊಬ್ಬನು ಜೊತೆಗಿದ್ದನು. ಅವನು ಬಣ್ಣವನ್ನು ನೋಡಲೇ ಇಲ್ಲ; ಮೊಣಕಾಲೂರಿ ಬಾಗಿಲ ಕೆಳಗಿನ ಹೊಸ್ತಿಲ ತಗಡಿಗೆ ಒಂದು ಅಯಸ್ಕಾಂತವನ್ನು ಹಿಡಿದನು. ಅದು ಅಲ್ಲಲ್ಲಿ ಅಂಟದೆ ಬಿದ್ದಿತು. ಒಳಗಿದ್ದುದು ಉಕ್ಕಲ್ಲ, ಪುಟ್ಟಿ! ಬಳಿಕ ಗಾಡಿಯ ಪಕ್ಕವನ್ನು ಜಾಕಿಯಿಂದ ಮೆಲ್ಲನೆ ಎತ್ತಿದನು. ತೆರೆದಿದ್ದ ಬಾಗಿಲು ಮತ್ತೆ ಚೌಕಟ್ಟಿಗೆ ಕೂಡಲೇ ಇಲ್ಲ.

ಕಾರಣವನ್ನು ಅವನು ವಿವರಿಸಿದನು. ಈ ಗಾಡಿಗೆ ಬೇರೆ ಅಡಿಕಟ್ಟಿಲ್ಲ. ಮೈಯೇ ಅದರ ಅಸ್ಥಿಪಂಜರ. ಮಾಡನ್ನು ತೆಗೆದರೆ ಭಾರವೆಲ್ಲ ಹೊಸ್ತಿಲು ಮತ್ತು ನೆಲದ ತಗಡುಗಳ ಮೇಲೆ ಬೀಳುವುದು. ಅದಕ್ಕಾಗಿಯೇ ಕಾರ್ಖಾನೆಯವರು ತೆರೆದ ಗಾಡಿಗಳಿಗೆ ಒಳಗಡೆ ಹೆಚ್ಚಿನ ಉಕ್ಕನ್ನು ಹಾಕುತ್ತಿದ್ದರು. ಈ ನೀಲಿ ಗಾಡಿಯಲ್ಲಿ ಅದಿರಲಿಲ್ಲ. ಗುರುತಿನ ಫಲಕದಲ್ಲಿ ತೆರೆದ ಗಾಡಿಯನ್ನು ಸೂಚಿಸುವ 'ಟಿ' ಅಕ್ಷರದ ಬದಲು, ಮುಚ್ಚುಗಾಡಿಯ 'ಎಸ್' ಇದ್ದಿತು. ಯಾರೋ ಮುಚ್ಚುಗಾಡಿಯ ನೆತ್ತಿಯನ್ನು ಕೊಯ್ದು, ಬಟ್ಟೆ ಹೊದಿಸಿ, ದುಬಾರಿ ಬೆಲೆಗೆ ನಿಲ್ಲಿಸಿದ್ದರು. ಆ ದೇಶದಲ್ಲಿ 40 ವರ್ಷ ದಾಟಿದ, ಬಹುವಾಗಿ ಮಾರ್ಪಡಿಸದ ಗಾಡಿಗಳಿಗೆ 2018ರಿಂದ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲವಾದ ಕಾರಣ, ಕೊಳ್ಳುವವನ ಕಣ್ಣೇ ಪರೀಕ್ಷಕನಾಗಬೇಕು. ಮಗನ ಮೂರು ವರ್ಷದ ಉಳಿತಾಯವನ್ನು ನೀರಿಗೆ ಹಾಕಿಸಲಿದ್ದ ನಾವು ನಾಚಿ ಸುಮ್ಮನಾದೆವು.

ಎರಡನೆಯ ಗಾಡಿ ದೊರೆತುದು ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ. ಒಡತಿ ಒಬ್ಬ ವಿಧವೆ. ಬೂದು ಬಣ್ಣ ಮಾಸಿದ್ದಿತು. ಮಾಡಿನ ಬಟ್ಟೆ ಹರಿದು ಅಂಚುಗಳಲ್ಲಿ ಪಾಚಿ ಬೆಳೆದಿದ್ದಿತು. ಆದರೆ ಫಲಕದಲ್ಲಿ 'ಟಿ' ಇದ್ದಿತು. ಜಾಕಿಯಿಂದ ಎತ್ತಿದರೂ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಗಾಡಿ ಕೊಂಡಂದಿನಿಂದ ಮಾಡಿಸಿದ ಪ್ರತಿ ರಿಪೇರಿಯ ರಸೀತಿಯನ್ನೂ ಆಕೆಯ ಗಂಡ ದಾರದಿಂದ ಕಟ್ಟಿಟ್ಟಿದ್ದನು. ಬೆಲೆ ನೀಲಿ ಗಾಡಿಯದರ ಅರ್ಧಕ್ಕೂ ಕಡಿಮೆ. ಯಂತ್ರಕಾರನು ಎಚ್ಚರಿಸಿದನು: "ಕೊಡುವ ಹಣವೇ ಬೆಲೆಯಲ್ಲ. ಅದಕ್ಕೆ ರಿಪೇರಿಯ ಖರ್ಚನ್ನು ಕೂಡಿಸಿ, ಆಮೇಲೆ ಒಪ್ಪಿರಿ. ಲಾಭದ ಆಸೆಯಿದ್ದರೆ ಬಿಟ್ಟುಬಿಡಿ." ಮಗನು ಕೂಡಿಸಿ ನೋಡಿ, ಒಪ್ಪಿದನು.

ಕೆಲಸವು ನಾಲ್ಕು ತಿಂಗಳು ನಡೆಯಿತು. ಮೊದಲು ಬ್ರೇಕು, ಆಮೇಲೆ ಹೊಸ್ತಿಲು ಮತ್ತು ನೆಲದ ತಗಡು, ಅನಂತರ ಮಾಡಿನ ಬಟ್ಟೆ, ಕಟ್ಟಕಡೆಗೆ ಹೊಳಪು. ಇದು ಅವನ ಕ್ರಮ. ಕತ್ತರಿಸುವ ಮುನ್ನ ಮೈಗೆ ಅಡ್ಡ ಊರೆಗಳನ್ನು ಬಿಗಿದನು. ಇಲ್ಲವಾದರೆ ಗಾಡಿ ನಡುವೆ ಜಗ್ಗಿ ಮತ್ತೆಂದೂ ನೆಟ್ಟಗಾಗದಂತೆ. ರಥವೆಂದರೆ ಚಕ್ರವೋ ಅಚ್ಚೋ ನೊಗವೋ ಎಂದು ನಾಗಸೇನನು ಮಿಲಿಂದರಾಜನನ್ನು ಕೇಳಿದ ಪ್ರಶ್ನೆ ನಮಗೆ ನೆನಪಾಯಿತು. ಇಷ್ಟೆಲ್ಲ ಹೊಸ ತಗಡು ಹಾಕಿದ ಮೇಲೆ ಇದು ಅದೇ ಗಾಡಿಯೇ ಎಂದು ಕೇಳಿದೆವು. ಅವನು ನಕ್ಕು, "ಏನೇನು ಬದಲಾಯಿಸಿದೆವೆಂದು ಬರೆದಿಡಿ, ಮುಚ್ಚಿಡದಿದ್ದರೆ ಅದೇ ಗಾಡಿ" ಎಂದನು. ಅಂದಿನಿಂದ ಲೆಕ್ಕದ ಪುಸ್ತಕವನ್ನು ನಾವೇ ಬರೆದೆವು. ದೇವಾಲಯದ ಜೀರ್ಣೋದ್ಧಾರದಲ್ಲಿಯೂ ಧರ್ಮವಿದೇ ಅಲ್ಲವೆ? ಗಟ್ಟಿಯಾದುದನ್ನು ಮುಟ್ಟಬಾರದು, ಕೊಳೆತುದನ್ನು ಉಳಿಸಬಾರದು, ಹೊಸದನ್ನು ಹಳೆಯದೆನ್ನಬಾರದು.

ಎಡಬಾಗಿಲ ಮೇಲೆ ಉದ್ದನೆಯ ಗೀರೊಂದಿದ್ದಿತು. ಅದನ್ನು ಅಳಿಸಬೇಕೆಂದು ಮಗನ ಹವಣಿಕೆ. ಒಡತಿಯ ಮಗ ಚಿಕ್ಕಂದಿನಲ್ಲಿ ಬೈಸಿಕಲ್ ತಾಗಿಸಿದ ಗುರುತದು ಎಂದು ತಿಳಿದ ಮೇಲೆ ಹಾಗೆಯೇ ಬಿಟ್ಟನು. ನಾವು ಊರಿಗೆ ಹೊರಡುವ ಹಿಂದಿನ ಭಾನುವಾರ ಮಾಡನ್ನು ಮಡಿಚಿ, ಆ ಮುದುಕಿಯನ್ನು ಮುಂದೆ ಕೂರಿಸಿಕೊಂಡು ಕೌಲಿಯ ಬೀದಿಗಳಲ್ಲಿ ಸುತ್ತಿದೆವು. ಆಕೆ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಇಳಿಯುವಾಗ ಬಾಗಿಲ ಗೀರನ್ನು ಒಮ್ಮೆ ಬೆರಳಿನಿಂದ ಸವರಿ ಒಳಗೆ ಹೋದಳು.