ಎತ್ತು ಏರಿಗೆ, ಕೋಣ ನೀರಿಗೆ

ಕಳೆದ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಕನ್ನಡ ಮೇಡಂ ಕೇಳಿದಾಗ, ನನ್ನ ಹತ್ತಿರ ಬರೆಯುವಂಥದ್ದು ಏನೂ ಇಲ್ಲ ಎಂದು ತಪ್ಪಿಸಿಕೊಂಡಿದ್ದೆ. ಇದ್ದದ್ದು ಒಂದೇ ವಿಷಯ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಈಗ ಭಾಯಿಜಾನ್ ಅವರೇ "ಬರಿ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ" ಎಂದಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅಣ್ಣನನ್ನು ಮನೆಯಲ್ಲಿ ಭಾಯಿಜಾನ್ ಎನ್ನುತ್ತೇವೆ. ಅವರು ಸಿವಿಲ್ ಡಿಪ್ಲೊಮಾ ಮುಗಿಸಿ ಮನೆಗಳ ನಕ್ಷೆ ಮಾಡಿಕೊಡುತ್ತಾರೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಅಲ್ಲಿ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಕಂಪ್ಯೂಟರ್ ಒಂದು, ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಒಂದು ಇವೆ. ಎರಡೂ ಆಟಕ್ಕೆ ತಂದವಲ್ಲ. ಮನೆ ಕಟ್ಟಿಸುವವರಲ್ಲಿ ಎಷ್ಟೋ ಜನರಿಗೆ ಕಾಗದದ ಮೇಲಿನ ಗೆರೆ ಅರ್ಥವಾಗುವುದಿಲ್ಲ. ಹೆಡ್‌ಸೆಟ್ ಹಾಕಿಕೊಂಡರೆ ಇನ್ನೂ ಪಾಯ ತೆಗೆಯದ ಮನೆಯೊಳಗೆ ಅವರು ನಡೆದು ನೋಡಬಹುದು.

ಈ ಕೆಲಸ ಕಂಪ್ಯೂಟರಿಗೆ ಸುಲಭದ್ದಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಕು. ನಮ್ಮ ಹೆಡ್‌ಸೆಟ್ಟಿಗೆ 90 ಬೇಕು, ಅದೂ ಎರಡು ಕಣ್ಣಿಗೆ ಬೇರೆ ಬೇರೆ. ಅಂದರೆ ಒಂದೊಂದು ಚಿತ್ರ ಸಿದ್ಧಪಡಿಸಲು ಸಿಗುವುದು ಸುಮಾರು 11 ಮಿಲಿಸೆಕೆಂಡು ಮಾತ್ರ. ತಲೆ ತಿರುಗಿಸಿದಾಗ ಚಿತ್ರ ತಡವಾಗಿ ಬಂದರೆ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಅರ್ಧವರ್ತುಲ ನಾಳಗಳು ಇನ್ನೊಂದು ಹೇಳುತ್ತವೆ. ಜೀವಶಾಸ್ತ್ರ ಓದುವವರಿಗೆ ಇದು ಗೊತ್ತು. ಆಗ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಇದನ್ನೆಲ್ಲ ನಿಭಾಯಿಸುತ್ತಿದ್ದುದು ಜಿಟಿಎಕ್ಸ್ 1060 ಎಂಬ ಗ್ರಾಫಿಕ್ಸ್ ಕಾರ್ಡ್.

ಮದುವೆಯೊಂದಕ್ಕೆಂದು ಭಾಯಿಜಾನ್ ಎರಡು ದಿನ ಊರಿಗೆ ಹೋದರು. ಆಗ ಆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಆಸೆ ನನಗಾಯಿತು. ಗೆಳೆಯನ ಮನೆಯಲ್ಲಿ ಬೇರೆ ಕಂಪನಿಯ ಹಳೆಯ ಗ್ರಾಫಿಕ್ಸ್ ಕಾರ್ಡೊಂದು ಸುಮ್ಮನೆ ಬಿದ್ದಿತ್ತು. ಒಂದು ಎತ್ತಿಗಿಂತ ಎರಡು ಎತ್ತು ಕಟ್ಟಿದರೆ ಗಾಡಿ ಜೋರಾಗಿ ಓಡುತ್ತದಲ್ಲವೇ? ಇದು ನನ್ನ ಲೆಕ್ಕ. ಡಬ್ಬಿ ಬಿಚ್ಚಿ ಕೆಳಗಿನ ಸ್ಲಾಟಿನಲ್ಲಿ ಅದನ್ನು ಕೂರಿಸಿದೆ, ಅದರ ಡ್ರೈವರನ್ನೂ ಹಾಕಿದೆ.

ವೇಗ ಎಳ್ಳಷ್ಟೂ ಹೆಚ್ಚಲಿಲ್ಲ. ಹೆಚ್ಚುವಂತೆಯೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಎರಡು ಕಾರ್ಡುಗಳನ್ನು ಒಂದೇ ನೊಗಕ್ಕೆ ಕಟ್ಟುವ ಎಸ್‌ಎಲ್‌ಐ ಎಂಬ ವ್ಯವಸ್ಥೆ 1060ರಲ್ಲಿ ಇಲ್ಲವೇ ಇಲ್ಲ. ಇದ್ದಿದ್ದರೂ ಬೇರೆ ಕಂಪನಿಯ ಕಾರ್ಡಿನ ಜೊತೆ ಅದು ನಡೆಯುತ್ತಿರಲಿಲ್ಲ. ಭಾಯಿಜಾನ್ ಬರುವ ಹೊತ್ತಾಯಿತು. ಹಳೆಯ ಕಾರ್ಡನ್ನು ಕಿತ್ತು ಬ್ಯಾಗಿಗೆ ಹಾಕಿ, ಕೇಬಲ್‌ಗಳನ್ನು ಸಿಕ್ಕ ಸಿಕ್ಕ ತೂತಿಗೆ ಸಿಕ್ಕಿಸಿ, ಏನೂ ಆಗಿಲ್ಲವೆಂಬಂತೆ ಪುಸ್ತಕ ಹಿಡಿದು ಕೂತೆ.

ಗುರುವಾರ ಸಂಜೆ ಹೆಡ್‌ಸೆಟ್ ನಡೆಯಲಿಲ್ಲ. ಪರದೆಯ ಮೇಲೆ ಡಿಸ್‌ಪ್ಲೇ ಕೇಬಲ್ ಸಿಗುತ್ತಿಲ್ಲ ಎಂಬ ಸೂಚನೆ ಬಂತು. ಮರುದಿನ ಜುಮಾ ಆದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಮನೆ ನೋಡಲು ಬರುವವರಿದ್ದರು.

"ನೀನೇನಾದ್ರೂ ಮುಟ್ಟಿದ್ಯೇನೋ?"

"ಇಲ್ಲ ಭಾಯಿಜಾನ್."

ಹಿಂದಿನ ವಾರ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಅಣ್ಣ ಬಂದು ಧೂಳು ತೆಗೆದು ಹೋಗಿದ್ದರು. ಭಾಯಿಜಾನ್ ಅವರಿಗೇ ಫೋನ್ ಮಾಡಿದರು. "ನೀವು ಕೈ ಹಾಕಿದ ಮೇಲೇ ಕೆಟ್ಟಿದ್ದು. ಗೊತ್ತಿಲ್ಲದ ಕೆಲಸಕ್ಕೆ ದುಡ್ಡು ಯಾಕೆ ತಗೋತೀರಿ?" ಎಂದು ಗಟ್ಟಿಯಾಗಿ ಬೈದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಭಾಯಿಜಾನ್ ಊಟಕ್ಕೆ ಎದ್ದಾಗ ಕಂಪ್ಯೂಟರಿನ ಹಿಂಭಾಗ ನೋಡಿದೆ. ನಮ್ಮ ಕಾರ್ಡಿನಲ್ಲಿ ಎಚ್‌ಡಿಎಂಐ ಪೋರ್ಟ್ ಇರುವುದು ಒಂದೇ. ಅದು ಹೆಡ್‌ಸೆಟ್ಟಿಗೆ, ಮಾನಿಟರ್ ಪಕ್ಕದ ಡಿಸ್‌ಪ್ಲೇ ಪೋರ್ಟಿಗೆ, ಹೀಗಿತ್ತು ಮೊದಲ ಜೋಡಣೆ. ನಾನು ಅವಸರದಲ್ಲಿ ಮಾನಿಟರನ್ನು ಕಾರ್ಡಿನ ಎಚ್‌ಡಿಎಂಐಗೆ ಹಾಕಿ, ಹೆಡ್‌ಸೆಟ್ಟನ್ನು ಮೇಲೆ ಮದರ್‌ಬೋರ್ಡಿನಲ್ಲಿದ್ದ ಎಚ್‌ಡಿಎಂಐಗೆ ಸಿಕ್ಕಿಸಿದ್ದೆ. ಅದು ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸಿನ ದಾರಿ. ನೋಡಲು ಎರಡು ಪೋರ್ಟುಗಳೂ ಒಂದೇ ಥರ.

ಕೇಬಲ್ ಬದಲಾಯಿಸಿದೆ, ಚಿತ್ರ ಬಂತು. ಬದುಕಿದೆ ಎಂದುಕೊಂಡೆ. ಭಾಯಿಜಾನ್ ಬಂದು ಹೆಡ್‌ಸೆಟ್ ಹಾಕಿಕೊಂಡರು. ಒಂದು ನಿಮಿಷವೂ ಆಗಿರಲಿಲ್ಲ, ತೆಗೆದು ಹಣೆ ಹಿಡಿದು ಕುರ್ಚಿಯಲ್ಲಿ ಕೂತುಬಿಟ್ಟರು. ತಲೆ ತಿರುಗಿಸಿದರೆ ಗೋಡೆ ತಡೆದು ತಡೆದು ಬರುತ್ತಿತ್ತು, ನಡುನಡುವೆ ಕತ್ತಲಾಗುತ್ತಿತ್ತು. "ಆ ಟೀಚರಮ್ಮನಿಗೆ ಮೊದಲೇ ಮಂಡಿ ನೋವು. ಇದನ್ನು ಹಾಕಿಕೊಂಡು ತಲೆ ಸುತ್ತಿ ಬಿದ್ದರೆ? ನಾಳೆ ಬರೋದು ಬೇಡ ಅಂತ ಹೇಳಿಬಿಡ್ತೀನಿ" ಎಂದರು. ನಾನು ಗಾಬರಿಯಲ್ಲಿ ಹೊಸ ಡ್ರೈವರನ್ನು ಇದ್ದುದರ ಮೇಲೆ ಎರಡು ಸಲ ಹಾಕಿದೆ, ಸೆಟ್ಟಿಂಗುಗಳನ್ನು ಹಿಂದೆ ಮುಂದೆ ಮಾಡಿದೆ. ಯಾವುದರಿಂದ ಏನಾಯಿತು ಎಂದು ನನಗೇ ತಿಳಿಯದಂತಾಯಿತು.

ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಆ ಅಣ್ಣ ತಾವಾಗಿಯೇ ಬಂದರು. ಬೈಸಿಕೊಂಡದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೂತವರೇ ಕೇಳಿದ್ದು ಇಷ್ಟೇ: "ಕೊನೇ ಸಲ ಸರಿಯಾಗಿ ನಡೆದಿದ್ದು ಯಾವತ್ತು? ಆಮೇಲೆ ಏನೇನು ಬದಲಾಯ್ತು?"

ಭಾಯಿಜಾನ್ "ಏನೂ ಇಲ್ಲ" ಎಂದರು. ಅಣ್ಣ ಡಿವೈಸ್ ಮ್ಯಾನೇಜರ್ ತೆರೆದು, ಅಡಗಿರುವ ಸಾಧನಗಳನ್ನೂ ತೋರಿಸುವ ಆಯ್ಕೆ ಒತ್ತಿದರು. ನಮ್ಮ ಕಾರ್ಡಿನ ಹೆಸರಿನ ಜೊತೆಗೆ ಇನ್ನೊಂದು ಹೆಸರು ಮಂಕು ಬಣ್ಣದಲ್ಲಿ ಕಾಣಿಸಿತು. ಈಗ ಜೋಡಿಸಿಲ್ಲದ, ಆದರೆ ಒಮ್ಮೆ ಜೋಡಿಸಿದ್ದ ಸಾಧನಗಳು ಅಲ್ಲಿ ಹಾಗೆ ಉಳಿದಿರುತ್ತವೆ. ಕಾರ್ಡು ನನ್ನ ಬ್ಯಾಗಿನಲ್ಲಿತ್ತು, ಗುರುತು ಕಂಪ್ಯೂಟರಿನಲ್ಲಿತ್ತು. ಅಣ್ಣ ತಿರುಗಿ ನನ್ನ ಮುಖ ನೋಡಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಅವರು ಬೈದಿದ್ದರೆ ಬಹುಶಃ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಸುಮ್ಮನಿದ್ದದ್ದು ತಡೆಯಲಾಗಲಿಲ್ಲ. ಬ್ಯಾಗಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ.

ಭಾಯಿಜಾನ್ ನನಗೆ ಹೊಡೆಯಲಿಲ್ಲ. ಎದ್ದು ನಿಂತು ಆ ಅಣ್ಣನ ಕೈ ಹಿಡಿದು "ತಪ್ಪಾಯ್ತು, ಮಾಫ್ ಮಾಡಿ" ಎಂದರು. ನನ್ನ ಮೌನವನ್ನು ನಂಬಿ ಆಡಿದ ಮಾತಿಗೆ ಅವರು ಕ್ಷಮೆ ಕೇಳುವುದನ್ನು ನಾನು ನಿಂತು ನೋಡಬೇಕಾಯಿತು. ಅದಕ್ಕಿಂತ ಎರಡೇಟು ಬಿದ್ದಿದ್ದರೆ ಚೆನ್ನಾಗಿತ್ತು.

ಆಮೇಲಿನ ಕೆಲಸ ಮುಗಿಯಲು ಮುಕ್ಕಾಲು ಗಂಟೆ ಸಾಕಾಯಿತು. ಅಣ್ಣ ಪ್ರತಿ ಹೆಜ್ಜೆಯನ್ನೂ ನನಗೆ ಹೇಳಿ, ನನ್ನ ಕೈಯಿಂದಲೇ ಮಾಡಿಸಿದರು. ಮೊದಲು ಇಂಟರ್‌ನೆಟ್ ತೆಗೆದೆವು. ಇಲ್ಲದಿದ್ದರೆ ವಿಂಡೋಸ್ ನಡುವೆ ತನಗೆ ತೋಚಿದ ಡ್ರೈವರನ್ನು ತಾನೇ ಹಾಕಿಬಿಡಬಹುದು. ನಂತರ ಸೇಫ್ ಮೋಡ್. ಅಲ್ಲಿ ಕಂಪ್ಯೂಟರ್ ಕನಿಷ್ಠ ಸಾಮಗ್ರಿಯಷ್ಟನ್ನೇ ಇಟ್ಟುಕೊಂಡು ಏಳುತ್ತದೆ, ಹಾಗಾಗಿ ಡ್ರೈವರ್ ಬಳಕೆಯಲ್ಲಿರುವುದಿಲ್ಲ, ತೆಗೆಯಬಹುದು. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಎರಡೂ ಕಂಪನಿಗಳ ಡ್ರೈವರನ್ನು ಬೇರು ಸಮೇತ ತೆಗೆದೆವು. ಮತ್ತೆ ಮಾಮೂಲಿಯಾಗಿ ಆನ್ ಮಾಡಿ, ಮೊದಲೇ ಇಳಿಸಿಟ್ಟುಕೊಂಡಿದ್ದ 1060ರ ಡ್ರೈವರ್ ಒಂದನ್ನೇ ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆವು.

"ಎರಡು ಕಂಪನಿಯ ಡ್ರೈವರ್ ಇದ್ದೂ ಚೆನ್ನಾಗಿ ನಡೆಯೋ ಕಂಪ್ಯೂಟರುಗಳೂ ಇವೆ" ಎಂದರು ಅಣ್ಣ. "ನಿನ್ನದರಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಅದರ ಮೇಲೆ ನೀನು ಬೇರೆ ಗಾಬರಿಯಲ್ಲಿ ನಾಲ್ಕು ಕಡೆ ಎಳೆದೆ. ಒಂದು ಸಲಕ್ಕೆ ಒಂದೇ ಬದಲಾಯಿಸು, ಪರೀಕ್ಷೆ ಮಾಡು, ಬರೆದಿಡು. ಆಮೇಲೆ ಮುಂದಿನದು."

ನಮ್ಮ ಭೌತಶಾಸ್ತ್ರದ ಸರ್ ಪ್ರಾಕ್ಟಿಕಲ್ಸಿನಲ್ಲಿ ಹೇಳುವುದೂ ಇದನ್ನೇ: ಒಂದು ಚರವನ್ನು ಬದಲಿಸುವಾಗ ಉಳಿದವನ್ನು ಹಾಗೇ ಇಡಿ. ರೆಕಾರ್ಡ್ ಪುಸ್ತಕದಲ್ಲಿ ಅದನ್ನು ಎಷ್ಟೋ ಸಲ ಬರೆದಿದ್ದೆ. ಅರ್ಥವಾದದ್ದು ಆ ರಾತ್ರಿ.

ಮರುದಿನ ಟೀಚರಮ್ಮ ಬಂದರು. ಹೆಡ್‌ಸೆಟ್ ಹಾಕಿಕೊಂಡು, ಅಮ್ಮಿಯ ಕೈ ಹಿಡಿದು, ನಮ್ಮ ಚಿಕ್ಕ ಕೋಣೆಯೊಳಗೇ ತಮ್ಮ ಮನೆಯಲ್ಲಿ ನಿಧಾನವಾಗಿ ನಡೆದರು. ಚಿತ್ರ ಒಂದು ಕಡೆಯೂ ತಡೆಯಲಿಲ್ಲ. ಊಟದ ಮನೆಯಿಂದ ಬಚ್ಚಲಿಗೆ ಹೋಗುವಲ್ಲಿ ನಿಂತುಬಿಟ್ಟರು. ಒಂದು ಕಾಲನ್ನು ಮುಂದೆ ಚಾಚಿ ನೆಲಕ್ಕಾಗಿ ತಡಕಾಡಿದರು.

"ಇಲ್ಲೊಂದು ಮೆಟ್ಟಿಲು ಇಳಿಯಬೇಕಲ್ಲಪ್ಪಾ. ರಾತ್ರಿ ಎದ್ದರೆ ನಾನು ಇಲ್ಲೇ ಬೀಳ್ತೀನಿ."

ಕಾಗದದಲ್ಲಿ ಅದು ಒಂದು ಸಣ್ಣ ಗೆರೆ. ಮೇಷ್ಟ್ರು ನಾಲ್ಕು ಸಲ ನಕ್ಷೆ ನೋಡಿದ್ದರು, ಭಾಯಿಜಾನ್ ಎಷ್ಟೋ ಸಲ ನೋಡಿದ್ದರು, ಯಾರಿಗೂ ಹೊಳೆದಿರಲಿಲ್ಲ. ಅವತ್ತು ಸಂಜೆಯೇ ಆ ಮೆಟ್ಟಿಲು ತೆಗೆದು ನೆಲವನ್ನು ಸಮ ಮಾಡಿದರು. ನಾನು ಇನ್ನೊಂದು ರಾತ್ರಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಮೆಟ್ಟಿಲು ಕಾಂಕ್ರೀಟಿನಲ್ಲಿ ಉಳಿಯುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಹೇಗೋ ಆಗುತ್ತದೆ.

ಗೆಳೆಯರೇ, ಕಂಪ್ಯೂಟರ್ ಬಿಚ್ಚಬೇಡಿ ಎಂದು ನಾನು ಹೇಳುವುದಿಲ್ಲ. ಬಿಚ್ಚದೆ ಕಲಿಯಲಾಗದು. ಬಿಚ್ಚುವ ಮೊದಲು ಹಿಂಭಾಗದ ಕೇಬಲ್‌ಗಳ ಫೋಟೋ ತೆಗೆದುಕೊಳ್ಳಿ. ಕಾರ್ಡ್ ಬದಲಿಸುವ ಮೊದಲು ಹಳೆಯದರ ಡ್ರೈವರ್ ತೆಗೆಯಿರಿ. ಯಾರಾದರೂ "ಏನು ಬದಲಾಯ್ತು?" ಎಂದು ಕೇಳಿದರೆ ಮೊದಲ ಸಲಕ್ಕೇ ನಿಜ ಹೇಳಿ. ರಿಪೇರಿ ಅಲ್ಲಿಂದಲೇ ಶುರುವಾಗುತ್ತದೆ.

ಈಗ ಆ ಕಂಪ್ಯೂಟರಿನ ಪಕ್ಕದಲ್ಲಿ ನೂರು ಪುಟದ ನೋಟ್ ಪುಸ್ತಕವೊಂದನ್ನು ದಾರದಲ್ಲಿ ಕಟ್ಟಿ ತೂಗುಹಾಕಿದ್ದೇವೆ. ದಿನಾಂಕ, ಏನು ಬದಲಾಯಿತು, ಯಾರು ಬದಲಾಯಿಸಿದರು ಎಂದು ಮೂರು ಕಾಲಂ. ಮೊದಲ ಸಾಲು ನನ್ನ ಕೈಬರಹದಲ್ಲಿದೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ