ಲೀಟರಿಗೆ ಇಪ್ಪತ್ತು ಮಿಲಿ

ನಮ್ಮ ತೋಟದ ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ಬೆರೆಸುವ ಕೆಲಸವನ್ನು ನಾವು ಅನ್ಯರಿಗೆ ಬಿಟ್ಟುಕೊಡುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್‌ಗೆ ಪ್ರತ್ಯೇಕ ಸ್ಥಾನವಿಲ್ಲ. ಪೆಟ್ರೋಲಿನೊಡನೆ ಒಳಹೊಕ್ಕ ಆಯಿಲ್ಲೇ ಪಿಸ್ಟನ್ನನ್ನೂ ಬೇರಿಂಗುಗಳನ್ನೂ ಕಾಯಬೇಕು. ಕೂಲಿಗೆ ಹುಲ್ಲು ಹೊಡೆಯುವ ನಮ್ಮೂರಿನ ಯುವಕನೊಬ್ಬನ ಯಂತ್ರಕ್ಕೆ ಯಾರೋ ಬೈಕಿನಿಂದ ತೆಗೆದ ಬರಿಯ ಪೆಟ್ರೋಲನ್ನು ತುಂಬಿಕೊಟ್ಟರು. ಪಿಸ್ಟನ್ ಬಿಗಿದು ನಿಂತಿತು. ಆ ಮಳೆಗಾಲದ ದುಡಿಮೆಯೇ ಅವನ ಕೈತಪ್ಪಿತು.

ಅಳತೆಯನ್ನು ಯಂತ್ರದ ಪುಸ್ತಿಕೆಯೇ ಹೇಳುತ್ತದೆ. ಐವತ್ತಕ್ಕೆ ಒಂದೆಂದರೆ ಲೀಟರಿಗೆ 20 ಮಿಲಿ, ಇಪ್ಪತ್ತೈದಕ್ಕೆ ಒಂದೆಂದರೆ 40. ಕಣ್ಣಂದಾಜು ಸಲ್ಲದು, ಸೂಜಿಯಿಲ್ಲದ ಸಿರಿಂಜು ಸಾಕು. ‘ಇನ್ನಷ್ಟು ಇರಲಿ’ ಎಂದು ಸುರಿದರೆ ಹೊಗೆ ಹೆಚ್ಚಿ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಕಾರಿನ ಎಂಜಿನ್ ಆಯಿಲ್ ಇದಕ್ಕೆ ಒಗ್ಗದು. ಫೋರ್-ಸ್ಟ್ರೋಕ್ ಯಂತ್ರಕ್ಕಂತೂ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಲೇಬಾರದು.

ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುವಂಥದ್ದು. ನೀರು ಮಿತಿಮೀರಿದರೆ ಎರಡೂ ಕೂಡಿ ಕ್ಯಾನಿನ ತಳ ಸೇರುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀಗೆ ಬೇರ್ಪಟ್ಟದ್ದನ್ನು ಅಲುಗಿಸಿ ಸರಿಪಡಿಸಲಾಗದು. ಆದ್ದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಕ್ಯಾನಿನ ಮುಚ್ಚಳ ಬಿಗಿದು ಇಡುತ್ತೇವೆ. ಕೆಲಸದ ಕಾಲ ಮುಗಿದೊಡನೆ ಟ್ಯಾಂಕು ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ, ಅಟ್ಟಕ್ಕೇರಿಸುತ್ತೇವೆ.