ಕಡಲಾಚೆಯ ತಾಯಂದಿರು

ಟಾಸ್ಮೇನಿಯ ದ್ವೀಪದ ಹೋಬಾರ್ಟ್ ಪಟ್ಟಣದಲ್ಲಿ ನಾವು ತಂಗಿದ್ದಾಗ, ಒಂದು ದಿನ ಬೆಳಗ್ಗೆ ಕ್ಯಾಸ್ಕೇಡ್ಸ್ ಎಂಬಲ್ಲಿರುವ ಹಳೆಯ ಸ್ತ್ರೀ ಸೆರೆಮನೆಯನ್ನು ನೋಡಲು ಹೊರಟೆವು. ವೆಲಿಂಗ್ಟನ್ ಪರ್ವತದ ನೆರಳಿನಲ್ಲಿ, ತೊರೆಯೊಂದರ ಮಗ್ಗುಲಿಗಿರುವ ಆ ತಗ್ಗು ನೆಲವು ಬಲು ಶೀತದ್ದು. ಈಗ ಮುಖ್ಯವಾಗಿ ಉಳಿದಿರುವುದು ಎತ್ತರವಾದ ಕಲ್ಲುಗೋಡೆಗಳೂ ಬರಿದಾದ ಅಂಗಳಗಳೂ.

ಮೊದಲು ಸಾರಾಯಿ ಭಟ್ಟಿಯಾಗಿದ್ದ ಈ ಸ್ಥಳವು 1828ರಲ್ಲಿ ಸೆರೆಮನೆಯಾಯಿತು. ಬ್ರಿಟನ್ ಐರ್ಲೆಂಡುಗಳಿಂದ ಆಸ್ಟ್ರೇಲಿಯಕ್ಕೆ ಗಡೀಪಾರಾದ ಸ್ತ್ರೀಯರು ಸುಮಾರು 25,000 ಮಂದಿ. ಅವರಲ್ಲಿ ಅರ್ಧದಷ್ಟು ಜನರು ಈ ದ್ವೀಪಕ್ಕೆ ಬಂದವರು. ಐರಿಷ್ ಹೆಂಗಸರು ಮಾಡಿದ್ದ ಅಪರಾಧವಾದರೂ ಎಂಥದು? ಬಟ್ಟೆಯ ಕಳವು, ಆಹಾರದ ಕಳವು, ಇವೇ ಹೆಚ್ಚು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವುಂಟಾದಾಗ, ಗಡೀಪಾರಾದರೆ ಹೊಟ್ಟೆಗಾದರೂ ಸಿಕ್ಕೀತೆಂದು ಬೇಕೆಂತಲೇ ಬೆಂಕಿಯಿಟ್ಟು ಸೆರೆ ಸಿಕ್ಕವರೂ ಇದ್ದರಂತೆ! ಸಾಮಾನ್ಯವಾಗಿ ಶಿಕ್ಷೆ ಏಳು ವರ್ಷ. ಆದರೆ ಅವಧಿ ತೀರಿದ ಮೇಲೆ ಊರಿಗೆ ಮರಳಲು ಹಡಗಿನ ವೆಚ್ಚವನ್ನು ಸರ್ಕಾರವು ಕೊಡುತ್ತಿರಲಿಲ್ಲ. ಆದುದರಿಂದ ಹೆಚ್ಚಿನವರಿಗೆ ಅದು ಜನ್ಮಾವಧಿಯ ಅಗಲಿಕೆಯೇ ಆಯಿತು.

ಇಲ್ಲಿಗೆ ಬಂದವರಲ್ಲಿ ಅನೇಕರು ವಲಸೆಗಾರರ ಮನೆಗಳಲ್ಲಿ ಊಳಿಗಕ್ಕೆ ಹೋಗುತ್ತಿದ್ದರು. ಎದುರುತ್ತರ ಕೊಟ್ಟರೆ, ಹೇಳದೆ ಹೊರಗೆ ಹೋದರೆ, ಮರಳಿ ಸೆರೆಮನೆಗೆ. ಅಲ್ಲಿ ಊರಿನವರ ಬಟ್ಟೆ ಒಗೆಯುವುದು, ಉಣ್ಣೆ ನೂಲುವುದು, ಇಲ್ಲವೆ ಕತ್ತಲ ಕೋಣೆಯಲ್ಲಿ ಒಂಟಿವಾಸ.

ಮಕ್ಕಳಿದ್ದ ಅಂಗಳದಲ್ಲಿ ನಾವು ಬಹಳ ಹೊತ್ತು ನಿಂತೆವು. ಮದುವೆಯಿಲ್ಲದೆ ಹೆತ್ತವಳು ಕೂಸಿನ ಮೊಲೆ ಬಿಡಿಸಿದೊಡನೆ ಅದನ್ನಗಲಿ ಆರು ತಿಂಗಳು ಕಠಿಣ ಶಿಕ್ಷೆಯನ್ನು ಅನುಭವಿಸಬೇಕಾಗಿತ್ತು. ಇಕ್ಕಟ್ಟು, ತೇವ, ಅರೆಹೊಟ್ಟೆ. ಇವುಗಳಿಂದ ಅಸಂಖ್ಯ ಶಿಶುಗಳು ಸತ್ತುವು. ಬದುಕುಳಿದವು ಎರಡು ಮೂರು ವರ್ಷವಾದ ಬಳಿಕ ನ್ಯೂಟೌನಿನ ಅನಾಥಶಾಲೆಗೆ ಹೋದುವು. ತಾಯಿ ಬದುಕಿರುವಾಗಲೇ ಅನಾಥರು!

ಹಾಗಿದ್ದರೂ ಬಿಡುಗಡೆಯಾದ ಎಷ್ಟೋ ಮಂದಿ ಮದುವೆಯಾಗಿ, ಮನೆಗಟ್ಟಿ, ಮಕ್ಕಳನ್ನು ಬೆಳೆಯಿಸಿದರು. ಈ ದ್ವೀಪಕ್ಕೆ ಗಡೀಪಾರು 1853ರಲ್ಲಿ ನಿಂತಿತು. ಅವರ ಸಂತತಿಯವರು ಬಹುಕಾಲ ಆ ಪೂರ್ವಜೆಯರ ಹೆಸರೆತ್ತಲು ನಾಚುತ್ತಿದ್ದರು. ಈಗ ಹಳೆಯ ದಾಖಲೆಗಳಲ್ಲಿ ಅವರನ್ನು ಆದರದಿಂದ ಅರಸುತ್ತಿರುವರು. 2010ರಲ್ಲಿ ಈ ಸೆರೆಮನೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಸಂಜೆ ರೇವಿಗೆ ಬಂದೆವು. ಅಲ್ಲಿ 2017ರಲ್ಲಿ ಸ್ಥಾಪಿಸಿದ ಕಂಚಿನ ಪ್ರತಿಮೆಗಳಿರುವುವು: ಹಡಗಿನಿಂದಿಳಿದ ಸ್ತ್ರೀಯರು, ಜೊತೆಗೊಂದು ಮಗು. ಐರ್ಲೆಂಡಿನ ಶಿಲ್ಪಿ ರೋವನ್ ಗಿಲೆಸ್ಪಿಯವರ ಕೃತಿಯಿದು. ಹಸಿದವಳು ಕದ್ದುದನ್ನು ಬರೆದಿಟ್ಟ ಕಾನೂನು, ಅವಳ ಹಸಿವನ್ನು ಎಲ್ಲಿಯೂ ಬರೆಯಲಿಲ್ಲವೆಂಬ ಯೋಚನೆಯೊಡನೆ ನಾವು ಬಿಡಾರಕ್ಕೆ ಹಿಂದಿರುಗಿದೆವು.